ಹಿತ್ತಲಿನಿಂದ ಕೇಳಿದ ಸೈಕಲ್ ಪಿಚ್ಚರ್

ಆ ಪಿಚ್ಚರನ್ನು ನಮ್ಮ ಓಣಿಯ ಹೆಂಗಸರು ಯಾರೂ ನೋಡಿರಲಿಲ್ಲ. ಆದರೆ ಎಲ್ಲರಿಗೂ ಬಾಯಿಪಾಠವಾಗಿತ್ತು.

ಹೀಗೆಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ, ನನಗೇನು. ಎಂಬತ್ನಾಲ್ಕರ ದೀಪಾವಳಿ ಮುಗಿದ ಮೇಲೆ ಏಕಸಂಬಿಗೆ ಟೂರಿಂಗ್ ಟಾಕೀಸು ಬಂದು ನಮ್ಮ ಹಿತ್ತಲಿನ ಹಿಂದಿನ ಬಯಲಲ್ಲಿ ಡೇರೆ ಹೊಡೆಯಿತು. ಡೇರೆಗೂ ನಮ್ಮ ಗೋಡೆಗೂ ನಡುವೆ ಒಂದು ಜೋಳದ ಕಣಿಕೆಯ ಬಣವೆ ಇತ್ತು, ಅಷ್ಟೆ. ಕತ್ತಲಾಗುತ್ತಲೇ ಒಳಗೆ ಆಡಿದ ಮಾತು, ಹಾಡಿದ ಹಾಡು, ಹೊಡೆದ ಏಟು ಎಲ್ಲವೂ ನಾವು ಪಾತ್ರೆ ತಿಕ್ಕುವ ಕಲ್ಲಿನ ತನಕ ಬಂದು ಬೀಳುತ್ತಿತ್ತು. ಒಂದು ದಿನ ನಮ್ಮ ಯಜಮಾನರು ರಾವಸಾಹೇಬರಿಗೆ, ನನಗೂ ಪಿಚ್ಚರ್ ತೋರಿಸಿ ಎಂದೆ.

"ಹಿತ್ತಲದಾಗ ಪುಕ್ಕಟ ಕೇಳಸ್ತೈತಲ್ಲ," ಎಂದರು. "ಅದನ್ನ ರೊಕ್ಕಾ ಕೊಟ್ಟು ಒಳಗ ಹೋಗಿ ಕೇಳಬೇಕೇನು?"

"ನೋಡೂದು ಬ್ಯಾಡೇನ್ರಿ?"

"ನೋಡಾಕ ಏನೈತಿ? ಒಂದ್ ಹುಡುಗ, ಒಂದ್ ಹುಡುಗಿ, ಒಂದ್ ಸೈಕಲ್."

ಆವತ್ತು ಅವರ ತಾಟಿಗೆ ಬಿದ್ದ ರೊಟ್ಟಿಗಳೆಲ್ಲ ಕರಕಾಗಿದ್ದವು. ಬೇಕಂತಲೇ ಸುಟ್ಟಿದ್ದೆ.

ಆ ಚಿತ್ರಕ್ಕೆ ಒಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಹೇಳುತ್ತಿರಲಿಲ್ಲ, ಸೈಕಲ್ ಪಿಚ್ಚರ್ ಎನ್ನುತ್ತಿದ್ದರು. ಚಿಕ್ಕೋಡಿಯಲ್ಲಿ ವಾರದೊಳಗೆ ಎತ್ತಿ ಒಗೆದಿದ್ದರಂತೆ. ನಮ್ಮಲ್ಲಿ ಬೇಸಿಗೆಯ ತನಕ ಮತ್ತೆ ಮತ್ತೆ ಹಾಕಿದರು. ರಾಯಬಾಗ, ಅಥಣಿ ಕಡೆಯ ಕಾಲೇಜು ಹುಡುಗರು ಸಂಬಂಧಿಕರ ಮನೆಯ ನೆಪ ಮಾಡಿಕೊಂಡು ಬಂದು ನೋಡಿ ಹೋದರು. ಆ ವರ್ಷ ಎಂಥ ಹಾಳು ಸೈಕಲ್ಲಿಗೂ ಬ್ರೇಕ್ ಇಲ್ಲದಿದ್ದರೂ ಹೊಸ ಬೆಲ್ ಇತ್ತು.

ಕಥೆ ದೊಡ್ಡದೇನಲ್ಲ. ಸುರೇಶ ಎಂಬ ಹುಡುಗ, ಶೈಲಾ ಎಂಬ ಹುಡುಗಿ, ಒಂದೇ ಶಾಲೆ. ಅವಳು ಅವನ ಸೈಕಲ್ಲಿನ ಹಿಂದೆ ಕೂತು ಹೋಗುತ್ತಾಳೆ. "ಪೆಡಲ್ ನೀನು ತುಳಿ, ಬೆಲ್ಲು ನಾನು ಬಾರಿಸ್ತೀನಿ" ಎನ್ನುವುದು ಅವಳ ಮಾತು. ಕೊನೆಗೆ ಅವಳ ಅಪ್ಪನಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಸ್ಟೇಶನ್ನು. ಸೀಟಿ ಊದುತ್ತದೆ, ರೈಲು ಹೊರಡುತ್ತದೆ, ಸದ್ದು ನಿಲ್ಲುತ್ತದೆ. ಆಮೇಲೆ ಟ್ರಿಣ್ ಟ್ರಿಣ್ ಅಂತ ಸೈಕಲ್ ಬೆಲ್. ಅದರ ಬೆನ್ನಿಗೇ ಮೊದಲಿನ ಹಾಡು ಇನ್ನೊಂದು ಸಲ ಶುರು. ಬೆಲ್ ಬಾರಿಸುವವಳು ಶೈಲಾ. ಬೆಲ್ ಕೇಳಿಸಿತು ಎಂದಮೇಲೆ ಶೈಲಾ ಇಳಿದಳು. ಇದಕ್ಕಿಂತ ಇನ್ನೇನು ಬೇಕು? ನಮ್ಮ ಓಣಿಯಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಅದನ್ನು ಮೊದಲು ಹೇಳಿದವಳು ಪಕ್ಕದ ಮನೆಯ ಚಂದ್ರಮತಿ. ಧರಣೇಂದ್ರನ ಹೆಂಡತಿ, ಕಾಗವಾಡದ ಹುಡುಗಿ. ಆಗಿನ್ನೂ ಮದುವೆಯಾಗಿ ಬಂದಿದ್ದಳು. ಅವರು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅತ್ತೆ ಕಮಲಾಬಾಯಿ ಅದಕ್ಕೆ ತನ್ನದೂ ಒಂದು ಸೇರಿಸಿದ್ದಳು, ಹೊತ್ತು ಮುಳುಗಿದ ಮೇಲೆ ಸೊಸೆ ಮುಂಬಾಗಿಲ ಹೊಸ್ತಿಲು ದಾಟುವಂತಿಲ್ಲ. ಟಾಕೀಸಿನವರಿಗೋ, ಕತ್ತಲಾಗದಿದ್ದರೆ ಡೇರೆಯೊಳಗೆ ಪರದೆಯೇ ಕಾಣುವುದಿಲ್ಲ. ಇನ್ನು ಆ ಹುಡುಗಿ ಪಿಚ್ಚರ್ ನೋಡುವುದು ಎಲ್ಲಿಂದ ಬಂತು? ದಿನಾ ಸಂಜೆ ಹಿತ್ತಲ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದಳು. ಮಾತು, ಹಾಡು, ಹಾಡಿನ ನಡುವಿನ ಕೊಳಲು ಕೂಡ ಅವಳಿಗೆ ಗೊತ್ತು.

ಪೇಟೆ ಓಣಿಯ ಸುಂದರಾ ಎಂಬವಳು ಮಾತ್ರ ಟಾಕೀಸಿನೊಳಗೆ ಹೋಗಿ ನೋಡಿ ಬಂದಿದ್ದಳು. ಒಮ್ಮೆ ಹಿಟ್ಟಿನ ಗಿರಣಿಯಲ್ಲಿ, "ಅಕಿ ಎಲ್ಲಿ ಇಳೀತಾಳ? ರೈಲಿನ್ಯಾಗ ಹೋಗೇಬಿಡ್ತಾಳ" ಎಂದಳು.

"ನೀ ಗದ್ದಲಾ ಆಗ್ತೈತಿ ಅಂತ ಪಿಚ್ಚರ್ ಮುಗಿಯೂಕಿಂತ ಮೊದಲ ಎದ್ದ ಬಂದಿರ್ಬೇಕು," ಎಂದೆ ನಾನು.

"ಕುಂತ ನೋಡೀನಿ!"

"ಹಂಗಾರ ನಿದ್ದಿ ಮಾಡಿರ್ಬೇಕು!"

ಮಾತಿಗೆ ಮಾತು ಬೆಳೆದು ನನ್ನ ಜೋಳದ ಹಿಟ್ಟು ಅವಳ ಸೀರೆ ಮೇಲೆ ಬಿತ್ತು. ಅವತ್ತಿನಿಂದ ನಾವಿಬ್ಬರೂ ಮಾತು ಬಿಟ್ಟೆವು.

ಟಾಕೀಸು ಹೋಯಿತು, ಮತ್ತೆ ಬರಲಿಲ್ಲ. ಮನೆ ಮನೆಗೆ ಟಿವಿ ಬಂತು. ತೊಂಬತ್ತೈದರಲ್ಲಿ ನಮ್ಮ ಮಹಿಳಾ ಮಂಡಳದ ವಾರ್ಷಿಕೋತ್ಸವಕ್ಕೆ ಏನು ಮಾಡುವುದೆಂದು ಕೂತಾಗ, ಪ್ರತಿ ವರ್ಷದಂತೆ ಭಜನೆ, ಅರಿಷಿಣ ಕುಂಕುಮ ಎಂದರು. ನನಗೆ ಸಿಟ್ಟು ಬಂತು. "ಭಜನಿ ದೇವರಿಗೂ ಬ್ಯಾಸರಾಗೈತಿ, ನಾಟಕ ಮಾಡೂಣು," ಎಂದೆ. ಯಾವ ನಾಟಕ ಎಂದು ಯಾರೂ ಕೇಳಲಿಲ್ಲ. ಚಂದ್ರಮತಿ ಆ ಹಾಡಿನ ಕೊಳಲನ್ನು ಬಾಯಲ್ಲೇ ನುಡಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾತುಗಳನ್ನೆಲ್ಲ ಅವಳೇ ಬಾಯಿಂದ ಹೇಳಿಕೊಟ್ಟಳು. ಹಾಡು ಕಡಿಮೆ ಬಿದ್ದವೆಂದು, ಆ ಡೇರೆಯಿಂದ ಆ ವರ್ಷ ಕೇಳಿದ ಬೇರೆ ಪಿಚ್ಚರುಗಳ ಹಾಡುಗಳನ್ನೂ ನಡುನಡುವೆ ತುರುಕಿದೆವು. ಶೈಲಾ ಅಳುವಾಗ ಒಂದು, ಪರೀಕ್ಷೆಯಲ್ಲಿ ಪಾಸಾದಾಗ ಒಂದು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಯಾವ ಹಾಡು ಕೊಟ್ಟರೂ ಆರತಿಯ ಹಾಗೆ ಬಾರಿಸುತ್ತಿದ್ದರು. "ಮಾಸ್ತರ, ಹುಡುಗೂರು ಲವ್ ಮಾಡಾಕತ್ತಾರ್ರಿ, ಮಂಗಳಾರತಿ ಅಲ್ರಿ" ಎಂದು ನಾನು ದಿನಾ ಬೈಯಬೇಕಾಯಿತು.

ಶೈಲಾ ಚಂದ್ರಮತಿಯೇ. ಸುರೇಶನ ಪಾತ್ರಕ್ಕೆ ಲಕ್ಕವ್ವನನ್ನು ಬಿಟ್ಟರೆ ಗತಿಯಿರಲಿಲ್ಲ, ಏಕೆಂದರೆ ನಮ್ಮಲ್ಲಿ ಸೈಕಲ್ ಹೊಡೆಯಲು ಬರುತ್ತಿದ್ದವಳು ಅವಳೊಬ್ಬಳೇ. ಅವಳ ಗಂಡ ಹಾಲಸಿದ್ದ ಸೈಕಲ್ ಮೇಲೆ ಡೇರಿಗೆ ಹಾಲು ಹಾಕುವವನು. ಲಕ್ಕವ್ವ ಒಳ್ಳೆ ಗಟ್ಟಿ ಹೆಂಗಸು. ಮಗನ ಪ್ಯಾಂಟು ಮೇಲೇರಲಿಲ್ಲ, ಗಂಡನದು ಹೊಲಿಗೆ ಬಿಚ್ಚಿತು, ಕೊನೆಗೆ ಪಾಯಿಜಾಮ ಹಾಕಿಸಿದೆವು.

"ಈ ಹುಡುಗ ಹತ್ತನೇತ್ತಾ ಎಷ್ಟ ಸಲ ಫೇಲ್ ಆಗ್ಯಾನ?" ಎಂದು ಹಾಲಸಿದ್ದ ಕೇಳಿದ.

"ನಿನ್ನಷ್ಟ ಸಲ ಆಗಿಲ್ಲ ಸುಮ್ಕಿರು," ಎಂದಳು ಲಕ್ಕವ್ವ.

"ಆಗ್ಲಿ ಮಾರಾಯ್ತಿ. ಸಂಜಿ ಹಾಲಿನ ಹೊತ್ತಿಗೆ ನನ್ನ ಸೈಕಲ್ ನನಗ ಬೇಕು, ಅಷ್ಟ."

ಇನ್ನು ರೈಲು. ಕಬ್ಬಿನ ಹಂಗಾಮು ಮುಗಿದು ನಮ್ಮ ಟ್ರ್ಯಾಕ್ಟರಿನ ಟ್ರಾಲಿ ಖಾಲಿ ನಿಂತಿತ್ತು. ಅದಕ್ಕೆ ತಾಡಪತ್ರಿ ಕಟ್ಟಿ, ಕಿಟಕಿ ಕತ್ತರಿಸಿ, ಶಾಲೆಯ ಕಟ್ಟೆಯ ಪಕ್ಕ ನಿಲ್ಲಿಸಿದರೆ ರೈಲು. ನಮ್ಮ ಯಜಮಾನರೇ ಡ್ರೈವರ್.

"ಎಲ್ಲೀತನಕ ಒಯ್ಯಲಿ?" ಎಂದು ಕೇಳಿದರು.

"ನಾಕ್ ಮಾರು ಒಯ್ದು ನಿಂದರ್ಸ್ರಿ. ಚಂದ್ರಾ ಇಳೀತಾಳ, ಲಕ್ಕವ್ವನ ಸೈಕಲ್ ಮ್ಯಾಲ ಕುಂದರ್ತಾಳ, ಬೆಲ್ ಬಾರಿಸ್ತಾಳ. ಮುಗೀತು."

"ಯಾರ ಇಳೀತಾರ?"

"ಶೈಲಾ."

"ಶೈಲಾ ಎಲ್ಲಿ ಇಳೀತಾಳ? ಅಕಿ ಹೋಗಿಬಿಡ್ತಾಳಲ್ಲ. ಆ ಹುಡುಗ ಒಬ್ಬನ ನಿಂತು ಬೆಲ್ ಬಾರಿಸ್ತಾನ. ಅಲ್ಲಿದ್ದ ಗಂಡಸರೆಲ್ಲ ಕಣ್ಣ ಒರಸ್ಕೊಂಡಿದ್ವಿ."

"ಇಷ್ಟ ವರ್ಷ ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ದೇನು?"

ಅವರ ಜೊತೆ ಜಗಳಾಡಲು ಹೊತ್ತಿರಲಿಲ್ಲ. ನನ್ನ ತಲೆಯಲ್ಲಿ ಬೇರೊಂದು ಓಡುತ್ತಿತ್ತು. ಧರಣೇಂದ್ರನೂ ಆ ಪಿಚ್ಚರ್ ನೋಡಿದ್ದಾನೆ. ಚಂದ್ರಮತಿ ಯಾವಾಗಲೂ ಹೇಳುವುದು, "ಇಳದ್ಲು ಅಂತ ನಮ್ಮವ್ರ ಕಣ್ಣಾರೆ ನೋಡಿ ಬಂದು ಹೇಳ್ಯಾರ" ಎಂದು. ಅವನು ಕಾಲುವೆ ಹತ್ತಿರದ ಹೊಲದಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ. ಹೋಗಿ ಎದುರಿಗೆ ನಿಂತೆ.

"ಶೈಲಾ ಇಳೀತಾಳೋ ಇಲ್ಲೋ?"

ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಆ ಮನುಷ್ಯ ಮೊದಲೇ ನಾಲ್ಕು ಮಾತಿನವನು. "ಇಲ್ರಿ ವೈನಿ," ಎಂದ.

"ಮತ್ತ ಅಕಿಗೆ ಯಾಕ ಸುಳ್ಳ ಹೇಳಿದಿ?"

"ಆವತ್ತ ಮಧ್ಯಾಹ್ನ ಅಕಿ ಟ್ರಂಕ್ ತುಂಬಿ ಇಟ್ಟಿದ್ಲ್ರಿ. ಅವ್ವಾ ಏನೋ ಅಂದಿದ್ಲು. ಮುಂಜಾನೆದ್ದು ಕಾಗವಾಡಕ್ಕ ಹೋಗ್ತೀನಿ, ಮತ್ತ ಬರೂದಿಲ್ಲ ಅಂದ್ಲು. ನನಗ ಏನ್ ಹೇಳಬೇಕು ತಿಳೀಲಿಲ್ಲ. ಎದ್ದು ಪಿಚ್ಚರಿಗೆ ಹೋದ್ನಿ. ತಿರುಗಿ ಬಂದ್ರ ಹಿತ್ತಲ ಬಾಗಲದಾಗ ನಿಂತಿದ್ಲು. 'ಬೆಲ್ ಕೇಳಿಸ್ತು, ಇಳದ್ಲಲ್ರಿ?' ಅಂತ ಕೇಳಿದ್ಲು. ಆ ಮಾರಿ ನೋಡಿ... ಹೂಂ, ಇಳದ್ಲು ಅಂದ್ನಿ."

"ಆಮ್ಯಾಲ?"

"'ಚಲೋ ಮಾಡಿದ್ಲು' ಅಂದ್ಲು. ಮುಂಜಾನೆ ಟ್ರಂಕಿನ್ಯಾಗಿನ ಸೀರಿ ತಗದು ಗೂಟಕ್ಕ ಹಾಕಿದ್ಲು."

"ಈಗೇನು, ಎರಡ ಮಕ್ಕಳಾದ ಮ್ಯಾಲ ಟ್ರಂಕ್ ತುಂಬ್ತಾಳೇನು? ಹೇಳಿಬಿಡು."

"ಹೋಗೂದಿಲ್ರಿ. ಆದ್ರ ಇನ್ನ ನನ್ನ ಮಾತು ನಂಬೂದಿಲ್ಲ. ನನಗ ಚಂದಾಗಿ ಮಾತಾಡಾಕ ಬರೂದಿಲ್ಲ ವೈನಿ, ಮಾತಾಡಿದ್ದನ್ನ ನಂಬ್ತಾಳ, ಅದೊಂದ ಐತಿ ನನಗ."

ಇದಾದ ಮೇಲೆ ನನಗೆ ಊಟ ರುಚಿಸಲಿಲ್ಲ. ಊರ ಗಂಡಸರೆಲ್ಲ ನೋಡಿದ ಪಿಚ್ಚರು. ಚಂದ್ರಮತಿ ರೈಲಿನಿಂದ ಇಳಿದಳೋ, ಯಾರಾದರೊಬ್ಬ ಬಾಯಿ ಬಿಡುತ್ತಾನೆ. ಸಾವಿರ ಜನರ ಮುಂದೆ ಅವಳು ನಗೆಪಾಟಲು, ಗಂಡ ಸುಳ್ಳುಗಾರ. ನಾಟಕವನ್ನು ಪರೀಕ್ಷೆ ಪಾಸಾದ ಹಾಡಿಗೇ ಮುಗಿಸೋಣ, ರೈಲೇ ಬೇಡ, ಹೊತ್ತಾಗುತ್ತದೆ ಎಂದು ಅವಳಿಗೆ ಹೇಳಿ ನೋಡಿದೆ.

"ಗಂಗಕ್ಕಾ, ಅದಕ್ಕಂತನ ನಾ ಶೈಲಾ ಆಗೀನಿ," ಎಂದಳು. "ರೈಲಿಂದ ಇಳಿಯೂದಿಲ್ಲಂದ್ರ ನನಗ್ಯಾಕ ಬೇಕು ಈ ವಯಸ್ಸಿನ್ಯಾಗ ಎರಡ ಜಡಿ, ರಿಬ್ಬನ್ನು?"

ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಅಭ್ಯಾಸವಿಲ್ಲ, ಎದೆ ಉರಿಯುತ್ತದೆ.

ನಾಟಕ ಮಧ್ಯಾಹ್ನ ಮೂರಕ್ಕೆ. ಏಪ್ರಿಲ್ ಬಿಸಿಲು. ರಾತ್ರಿ ಇಟ್ಟುಕೊಳ್ಳಿರೆಂದು ಎಲ್ಲರೂ ಹೇಳಿದ್ದರು, ಆದರೆ ಕಮಲಾಬಾಯಿ, "ಹೊತ್ತ ಮುಳಗೂದರಾಗ ಮುಗಿಸಿದ್ರ ಸೊಸೀನ್ನ ಕಳಿಸ್ತೀನಿ" ಎಂದು ಒಂದೇ ಮಾತು ಹೇಳಿದ್ದಳು. ಶಾಲೆಯ ಬಯಲು ತುಂಬಿತು. ಸದಲಗಾ, ಚಿಕ್ಕೋಡಿಯಿಂದಲೂ ಜನ ಬಂದಿದ್ದರು. ಆಗ ಹುಡುಗರಾಗಿದ್ದವರೆಲ್ಲ ಈಗ ಹೊಟ್ಟೆ ಬಿಟ್ಟುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಂತಿದ್ದರು. ಮುಂದಿನ ಸಾಲಿನಲ್ಲಿ ಕಮಲಾಬಾಯಿ, ಕೊಡೆ ಹಿಡಿದುಕೊಂಡು. ಮೂರನೇ ಸಾಲಿನಲ್ಲಿ ಸುಂದರಾ. ಗಂಡಸರ ಕಡೆಯ ಬೇವಿನ ಮರದ ಕೆಳಗೆ ಧರಣೇಂದ್ರ.

ಲಕ್ಕವ್ವ ಬೆಲ್ ಬಾರಿಸುತ್ತ ಸೈಕಲ್ ಮೇಲೆ ಬಂದಳು ನೋಡಿ, ಬಯಲೆಲ್ಲ ಸೀಟಿ. ಮೊದಲ ಹಾಡಿಗೆ ಬಾಯಿ ತೆಗೆದದ್ದೇ ನಾವು, ಆಮೇಲೆ ಹಾಡಿದ್ದು ಊರು. ಗಂಡಸರು, ಹೆಂಗಸರು, ಬೀಡಿ ಸೇದುತ್ತ ನಿಂತ ಮುದುಕರು, ಎಲ್ಲರೂ. ಪೇಟಿ ಮಾಸ್ತರು ಕೂಡ ಆರತಿ ಮರೆತು ಕುಣಿಸಿ ಬಾರಿಸಿದರು. ಮಾತು ಮರೆತರೆ ಜನರೇ ಕೂಗಿ ಹೇಳುತ್ತಿದ್ದರು. ಮೂವತ್ತು ದಾಟಿದ ಚಂದ್ರಮತಿ ಎರಡು ಜಡೆ ಹಾಕಿಕೊಂಡು, "ಪೆಡಲ್ ನೀನು ತುಳಿ" ಎಂದಾಗ, "ಬೆಲ್ಲು ನಾನು ಬಾರಿಸ್ತೀನಿ" ಎಂದು ಸಾವಿರ ಬಾಯಿ ಕೂಗಿದವು. ನನ್ನ ಮೈ ಜುಮ್ಮೆಂದಿತು. ಕೊನೆ ನೆನಪಾಗಿ ಸುಂದರಾ ಕೂತ ಸಾಲಿನ ಕಡೆ ಒಮ್ಮೆ ನೋಡಿದೆ.

ರೈಲು ಬಂತು. ಚಂದ್ರಮತಿ ಟ್ರಾಲಿ ಹತ್ತಿ ಬಾಗಿಲಲ್ಲಿ ನಿಂತಳು. ಲಕ್ಕವ್ವ ಸೈಕಲ್ ಹಿಡಿದು ಕೆಳಗೆ. ನಮ್ಮ ಯಜಮಾನರು ಹಾರ್ನ್ ಹೊಡೆದು ಟ್ರ್ಯಾಕ್ಟರ್ ಹೊರಡಿಸಿದರು. ಬಯಲು ಗಪ್ಪಾಯಿತು. ಕೆಲವು ಗಂಡಸರು ಆಗಲೇ ಟವೆಲ್ ಕೈಗೆ ತೆಗೆದುಕೊಂಡಿದ್ದರು. ಚಂದ್ರಮತಿ ಇಳಿಯಲು ಒಂದು ಕಾಲು ಕೆಳಗೆ ಬಿಟ್ಟಳು.

"ಏ, ಅಕಿ ಇಳಿಯೂದಿಲ್ಲ!" ಸುಂದರಾ ಎದ್ದು ನಿಂತಳು. "ತಪ್ಪ ಮಾಡಾಕತ್ತೀರಿ! ಅಕಿ ಹೋಗ್ತಾಳ!"

"ಹೌದಲೇ, ಅಕಿ ಹೋಗ್ತಾಳ!" ಎಂದು ಗಂಡಸರ ಕಡೆಯಿಂದ ಒಬ್ಬ. "ಹೋಗ್ಲಿ ಬಿಡ್ರಿ!" ಎಂದು ಇನ್ನೊಬ್ಬ. ನಗು ಎದ್ದಿತು.

ಚಂದ್ರಮತಿ ಕಾಲನ್ನು ಮೇಲಕ್ಕೆ ಎಳೆದುಕೊಂಡಳು. ಇಂಜಿನ್ನಿನ ಸದ್ದಿನಲ್ಲಿ ನಮ್ಮ ಯಜಮಾನರಿಗೆ ಏನೂ ಕೇಳಿಸಿರಲಿಲ್ಲ, ಟ್ರಾಲಿ ಹೋಗುತ್ತಲೇ ಇತ್ತು. ನಾನು ಸೆರಗು ಕಟ್ಟಿ ಓಡಿದೆ. "ಬಂದ್ ಮಾಡ್ರಿ ಆ ಸುಡಗಾಡದ್ದನ್ನ!" ಎಂದು ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಗುದ್ದಿದೆ. ಬಂದ್ ಮಾಡಿದರು.

ಸದ್ದು ನಿಂತಿತು. ಚಂದ್ರಮತಿ ಎತ್ತರದಲ್ಲಿ ನಿಂತಿದ್ದಳು, ರಿಬ್ಬನ್ನು ಗಾಳಿಗೆ ಆಡುತ್ತಿತ್ತು. ಅವಳು ಸುಂದರಾಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬೇವಿನ ಮರದ ಕಡೆ ನೋಡಿದಳು.

"ರೀ," ಎಂದಳು. "ಅಕಿ ಇಳದ್ಲಲ್ರಿ?"

ಊರಿಗೆ ಊರೇ ತಿರುಗಿ ಧರಣೇಂದ್ರನನ್ನು ನೋಡಿತು. ಅವನ ಮುಖ ಇಟ್ಟಂಗಿಯಂತೆ ಕೆಂಪಾಗಿತ್ತು. ಹೂಂ ಅಂದುಬಿಡು, ಇನ್ನೊಂದು ಸಲ ಹೂಂ ಅಂದುಬಿಡು ಎಂದು ನಾನು ಒಳಗೇ ಬೇಡಿಕೊಂಡೆ.

"ಇಲ್ಲ," ಎಂದ. "ಇಳೀಲಿಲ್ಲ. ಹೋದ್ಲು. ನೀ ಹೋಗಬಾರದು ಅಂತ ನಾ ಹಂಗಂದ್ನಿ."

ಯಾರೂ ನಗಲಿಲ್ಲ. ಕಮಲಾಬಾಯಿ ಕೊಡೆ ಮಡಚಿ ತೊಡೆಯ ಮೇಲಿಟ್ಟುಕೊಂಡು, ಮಗನನ್ನು ಒಮ್ಮೆ, ಸೊಸೆಯನ್ನು ಒಮ್ಮೆ ನೋಡಿದಳು. ಹಳೇ ಟ್ರಂಕು ಅವಳಿಗೂ ನೆನಪಾಗಿರಬೇಕು. ಚಂದ್ರಮತಿ ಮುಖದ ಮೇಲೆ ಬಿದ್ದ ರಿಬ್ಬನ್ನನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಸುಂದರಾಳ ಕಡೆ ತಿರುಗಿದಳು.

"ಪಿಚ್ಚರಿನ್ಯಾಗ ಹೋಗಿರ್ಲಿ ಬಿಡ್ರಿ," ಎಂದಳು. "ಏಕಸಂಬ್ಯಾಗ ಹೋಗೂದಿಲ್ಲ."

ಟ್ರಾಲಿಯಿಂದ ಜಿಗಿದಳು. ಜಿಗಿದವಳು ಮುಗ್ಗರಿಸಿದಳು, ಸೈಕಲ್ ತಳ್ಳಿಕೊಂಡು ಹಿಂದೆಯೇ ಬಂದಿದ್ದ ಲಕ್ಕವ್ವ ಒಂದು ಕೈಯಲ್ಲಿ ಸೈಕಲ್, ಒಂದು ಕೈಯಲ್ಲಿ ಅವಳನ್ನು ಹಿಡಿದಳು. ಚಂದ್ರಮತಿ ಕ್ಯಾರಿಯರ್ ಮೇಲೆ ಕೂತು, ಮುಂದಕ್ಕೆ ಕೈ ಚಾಚಿ, ಬೆಲ್ ಬಾರಿಸಿದಳು. ಒಂದು ಸಲವಲ್ಲ, ಬಾರಿಸುತ್ತಲೇ ಇದ್ದಳು. ಮೊದಲು ಹೆಂಗಸರ ಕಡೆಯಿಂದ ಸೀಟಿ ಬಂತು. ನಮ್ಮೂರಲ್ಲಿ ಹೆಂಗಸರು ಸೀಟಿ ಹೊಡೆದದ್ದನ್ನು ನಾನು ಅವತ್ತೇ ಕೇಳಿದ್ದು. ತಿರುಗಿ ನೋಡಿದರೆ ಸುಂದರಾ, ಬಾಯಲ್ಲಿ ಎರಡು ಬೆರಳು.

"ನಾ ಹೇಳಿದ್ದ ಖರೆ ಇತ್ತಲಾ ಗಂಗೂಬಾಯಿ?" ಎಂದು ಕೂಗಿದಳು.

"ಖರೆ ಇತ್ತು. ಆದ್ರ ಚಂದ ಇರ್ಲಿಲ್ಲ!" ಎಂದೆ. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಹಾಡು ಶುರುವಾಯಿತು. ಇನ್ನೊಂದು ಸಲ ಹಾಡಿರೆಂದು ಜನ ಕೂಗುತ್ತಿದ್ದಾಗ ಕಮಲಾಬಾಯಿ ಎದ್ದು ನಿಂತು ಕೊಡೆಯನ್ನು ಆಕಾಶದ ಕಡೆ ತೋರಿಸಿದಳು.

"ಇಳದಾಳಲ್ಲ, ಆತಲ್ಲ? ಹೊತ್ತ ಮುಳಗಾಕ ಬಂತು. ಊಟಾ ಆಗೂದೈತಿ, ನಡೀರಿ ಮನೀಗೆ!"

ಅವಳಿಗಿಂತ ಅವಸರ ಹಾಲಸಿದ್ದನಿಗೆ. ಹಾಲಿನ ಹೊತ್ತು ಮೀರಿತ್ತು. ಜನರ ನಡುವೆಯೇ ನುಗ್ಗಿ ಬಂದು, ಹೆಂಡತಿಯ ಕೈಯಿಂದ ಸೈಕಲ್ ಕಿತ್ತುಕೊಂಡು, ನಾಟಕಕ್ಕೆಂದು ಹ್ಯಾಂಡಲಿಗೆ ಕಟ್ಟಿದ್ದ ಸೇವಂತಿಗೆ ಹಾರ ಕೂಡ ಬಿಚ್ಚದೆ, ಕ್ಯಾನು ತೂಗುಹಾಕಿಕೊಂಡು ಹೊರಟ. ಜನ ದಾರಿ ಬಿಟ್ಟು ಅವನಿಗೂ ಚಪ್ಪಾಳೆ ಹೊಡೆದರು.

ಮನೆಗೆ ಬಂದು ನಾನು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದೆ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಗೋಡೆಯ ಆಚೆ ಧರಣೇಂದ್ರ ಅವಸರದಲ್ಲಿ ಉಣ್ಣುತ್ತಿದ್ದ ಸದ್ದು. ಚಂದ್ರಮತಿ ಬಡಿಸುತ್ತಿದ್ದಳು.

"ಇನ್ನೂ ಏನೇನ್ ಸುಳ್ಳ ಹೇಳೀರಿ?" ಎಂದಳು. "ಇವತ್ತ ಎಲ್ಲಾ ಹೇಳಿಬಿಡ್ರಿ."

ಅವನು ಅಗಿಯುವುದು ನಿಂತಿತು. "ಪಲ್ಯಾಕ ಉಪ್ಪ ಕಡಿಮಿ ಇದ್ದಾಗೆಲ್ಲ ಚಲೋ ಆಗೈತಿ ಅಂದೀನಿ."

ತಾಟಿಗೆ ಏನೋ ಠಣ್ ಎಂದು ಬಡಿಯಿತು. ಆಮೇಲೆ ನಗು. ಡೇರಿಯಿಂದ ಬರುತ್ತಿದ್ದ ಹಾಲಸಿದ್ದನ ಸೈಕಲ್ಲು ಬೆಲ್ ಬಾರಿಸಿಕೊಂಡು ಓಣಿ ದಾಟಿತು.

ನಡುವೆ ಗೋಡೆ ಇತ್ತು, ನನಗೆ ಏನೂ ಕಾಣಲಿಲ್ಲ. ನಕ್ಕವರು ಇಬ್ಬರೂ ಎಂದೇ ನಾನು ತಿಳಿದುಕೊಂಡಿದ್ದೇನೆ. ಬೇರೆ ಯಾರಾದರೂ ಬೇರೆ ಹೇಳಿದರೆ ಹಿಟ್ಟಿನ ಗಿರಣಿಗೆ ಬರಲಿ, ಅಲ್ಲಿ ನೋಡಿಕೊಳ್ಳುತ್ತೇನೆ.